ಗಂಟಿಲ್ಲದ ಹಗ್ಗ

ಸಣ್ಣ ಹಾಯಿದೋಣಿಯ ಕೆಲವು ಹಗ್ಗಗಳಿಗೆ ತುದಿಯೇ ಇರುವುದಿಲ್ಲ. ಯಾವ ಮಗ್ಗುಲಲ್ಲಿ ಕುಳಿತರೂ ಕೈಗೆ ಸಿಗಲೆಂದು ಎರಡು ಕೊನೆಗಳನ್ನೂ ಬೆಸೆದು ಬಳೆಯಾಗಿಸಿರುತ್ತಾರೆ. ಗಂಟು ಹಾಕಿದರೆ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಸೆಣಬಿನ ಕಾಲದ ನಾವಿಕರು ಎರಡೂ ಕೊನೆಗಳ ಹುರಿ ಬಿಡಿಸಿ, ಒಂದರ ಎಳೆ ತೆಗೆದ ಜಾಗದಲ್ಲಿ ಇನ್ನೊಂದರ ಎಳೆಯನ್ನು ಉದ್ದಕ್ಕೆ ಕೂರಿಸುತ್ತಿದ್ದರು. ದಪ್ಪ ಹೆಚ್ಚುತ್ತಿರಲಿಲ್ಲ, ಒರಟು ನಾರೇ ಬಿಗಿಯಾಗಿ ಹಿಡಿಯುತ್ತಿತ್ತು.

1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಟೆರಿಲೀನ್ ಕಂಡುಹಿಡಿದರು. ನಮ್ಮ ಷರಟಿಗೆ ಬಂದ ಆ ನಾರು ಹಗ್ಗಕ್ಕೂ ಬಂತು. 1979ರ ಸುಮಾರಿಗೆ ಹಾಲೆಂಡಿನ ಸ್ಮಿತ್ ಮತ್ತು ಲೆಮ್‌ಸ್ಟ್ರಾ ಮಾಡಿದ್ದು ಇನ್ನೂ ಸೋಜಿಗ: ಪಾಲಿಥಿನ್ ಚೀಲದ್ದೇ ಅಣು, ಆದರೆ ಬಹಳ ಉದ್ದದ್ದು. ಡೈನೀಮಾ ಎಂಬ ಈ ನಾರು ತೂಕಕ್ಕೆ ತೂಕ ಉಕ್ಕನ್ನು ಮೀರಿಸುತ್ತದೆ, ನೀರಿನಲ್ಲಿ ತೇಲುತ್ತದೆ. ರಸಾಯನಶಾಸ್ತ್ರದವರಾದ ನಮಗೆ ಹೆಮ್ಮೆಯೇ. ಆದರೆ ಎಣ್ಣೆ ಹಚ್ಚಿದ ಕೂದಲಿನಂತೆ ಜಾರುತ್ತದಲ್ಲ! ಹಳೆಯ ಬೆಸುಗೆ ಇದಕ್ಕೆ ನಿಲ್ಲದು. ಟೊಳ್ಳಾದ ಜಡೆಹೆಣಿಗೆಯೊಳಕ್ಕೆ ಕೊನೆಗಳನ್ನು ಉದ್ದಕ್ಕೆ ತೂರಿಸಬೇಕು. ಎಳೆದಷ್ಟೂ ಹೊರಗಿನ ಹೆಣಿಗೆ ಬಿಗಿಯುತ್ತದೆ. ಸಡಿಲಿದ್ದಾಗ ಮಾತ್ರ ಅಲುಗಿ ಅಲುಗಿ ಹೊರಬರುತ್ತದೆ. ಅದಕ್ಕೇ ಸೂಜಿದಾರದ ನಾಲ್ಕು ಹೊಲಿಗೆ.

ಆ ಹೊಲಿಗೆಯನ್ನು ನಾವು ಒಮ್ಮೆ ಸೋಮಾರಿತನದಿಂದ ಬಿಟ್ಟೆವು. ಗಾಳಿ ಎದ್ದ ಸರೋವರದ ನಡುವೆ ಬಳೆ ಬಿಚ್ಚಿಕೊಂಡಿತು, ಹಾಯಿ ಪಟಪಟನೆ ಬಡಿಯಿತು. ಮಗಳು ಎರಡೂ ತುದಿಗಳನ್ನು ಎರಡು ಕೈಯಲ್ಲಿ ಹಿಡಿದವಳು ದಡ ಮುಟ್ಟುವವರೆಗೆ ಬಿಡಲಿಲ್ಲ.