ಹೆಸರು ಕಳೆದುಕೊಂಡ ದೇವರ ಹಬ್ಬ

ಕ್ಯೋಟೋದ ಶಿಜೋ ಬೀದಿ ಪೂರ್ವದಲ್ಲಿ ಕೊನೆಯಾಗುವುದು ಯಸಾಕಾ ಗುಡಿಯ ಕೆಂಪು ಬಾಗಿಲಿನೆದುರು. ಜುಲೈ 16ರ ಸಂಜೆ ನಾನು ಅಲ್ಲಿಗೆ ಹೋದಾಗ ಪೇಟೆಯ ಬೀದಿಗಳಲ್ಲಿ ಗಿಯೋನ್ ಹಬ್ಬದ ತೇರುಗಳು ದೀಪ ಹೊತ್ತು ನಿಂತಿದ್ದವು. ಮರುದಿನದ ಮೆರವಣಿಗೆಗೆ ಸಜ್ಜಾಗಿದ್ದ ಅವುಗಳಲ್ಲಿ ದೊಡ್ಡವು ಸುಮಾರು 25 ಮೀಟರ್ ಎತ್ತರ. ಮರದ ಚೌಕಟ್ಟನ್ನು ಮೊಳೆಯಿಲ್ಲದೆ ಹಗ್ಗದಿಂದಲೇ ಬಿಗಿಯುತ್ತಾರೆ. ಮೇಲೆ ಕೂತವರ ಕೊಳಲು, ಜಾಗಟೆಗಳ ಸದ್ದು ಗುಡಿಯ ದಾರಿಯವರೆಗೂ ಕೇಳುತ್ತಿತ್ತು.

ಈ ಸಂಭ್ರಮದ ಬೇರು ಭಯದಲ್ಲಿದೆ. 869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ದೇಶದ ಪ್ರಾಂತಗಳ ಲೆಕ್ಕಕ್ಕೆ 66 ಈಟಿಗಳನ್ನು ನೆಟ್ಟು ಪೂಜಿಸಿದರೆಂದು ಪರಂಪರೆ ಹೇಳುತ್ತದೆ. ಇಲ್ಲಿ ಪೂಜೆಗೊಳ್ಳುತ್ತಿದ್ದ ದೇವರು ಗೋಜು ತೆನ್ನೋ, ಎಂದರೆ ಗೂಳಿತಲೆಯ ದೊರೆ. ರೋಗ ತರುವವನೂ ಅವನೇ, ಕಾಯುವವನೂ ಅವನೇ. ನಮ್ಮ ಮಾರಮ್ಮನನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಅವನನ್ನು ಬುದ್ಧನಿದ್ದ ಶ್ರಾವಸ್ತಿಯ ಜೇತವನದ ಕಾವಲುಗಾರನೆಂದು ನಂಬಿದ್ದರು. ‘ಗಿಯೋನ್’ ಎಂಬುದು ಆ ಜೇತವನಕ್ಕೆ ಜಪಾನೀಯರಿಟ್ಟ ಹೆಸರು.

1868ರಲ್ಲಿ ಮೇಜಿ ಸರ್ಕಾರ ಶಿಂಟೋ ಮತ್ತು ಬೌದ್ಧ ಆಚರಣೆಗಳನ್ನು ಬೇರ್ಪಡಿಸಲು ಆಜ್ಞೆ ಹೊರಡಿಸಿತು. ಬೌದ್ಧ ನಂಟಿನ ಗೋಜು ತೆನ್ನೋ ಹೆಸರು ಹೋಯಿತು. ಸುಸಾನೊಒ ಎಂಬ ಹೆಸರು ಉಳಿಯಿತು. ಗಿಯೋನ್ ಗುಡಿ ಯಸಾಕಾ ಗುಡಿಯಾಯಿತು. ಆದರೆ ಹಬ್ಬವನ್ನು ಜನ ಗಿಯೋನ್ ಎಂದೇ ಕರೆಯುತ್ತ ಬಂದರು.

ಅವರ ಹಟ ಹೊಸದೇನಲ್ಲ. 1533ರಲ್ಲಿ ಹಬ್ಬ ನಿಲ್ಲಿಸಲು ಆಜ್ಞೆಯಾದಾಗ, ಗುಡಿಯ ವಿಧಿಗಳು ನಡೆಯದಿದ್ದರೂ ತಮ್ಮ ತೇರುಗಳು ಹೊರಡಲಿ ಎಂದು ಪೇಟೆಯವರು ಕೇಳಿಕೊಂಡಿದ್ದರು. 1864ರ ಬೆಂಕಿಯಲ್ಲಿ ಸುಟ್ಟುಹೋದ ದೋಣಿಯಾಕಾರದ ತೇರನ್ನು ಮತ್ತೆ ಕಟ್ಟಿ 2014ರಲ್ಲಿ ಮೆರವಣಿಗೆಗೆ ತಂದರು. ರೋಗ ಕಳೆಯಲೆಂದೇ ಹುಟ್ಟಿದ ಈ ಹಬ್ಬದ ತೇರುಗಳು 2020, 2021ರಲ್ಲಿ ರೋಗದ ಕಾರಣಕ್ಕೇ ಬೀದಿಗಿಳಿಯಲಿಲ್ಲ.

ತೇರಿನ ಬಳಿ ಬಿದಿರೆಲೆಯ ರಕ್ಷೆಯೊಂದನ್ನು ಕೊಂಡೆ. ಅದರ ಹೆಸರು ಚಿಮಾಕಿ, ಬಾಗಿಲಿಗೆ ಕಟ್ಟುತ್ತಾರೆ. ದಾರಿಹೋಕನಾಗಿ ಬಂದ ದೇವರಿಗೆ ತಂಗಲು ಜಾಗ ಕೊಟ್ಟ ಬಡವ ಸೋಮಿನ್ ಶೋರಾಯ್‌ನ ಸಂತತಿ ನಾವು ಎಂದು ಅದರ ಚೀಟಿ ಸಾರುತ್ತದೆ. ಆಜ್ಞೆಗಳನ್ನು ದಾಖಲೆಗಳಲ್ಲಿ ಹುಡುಕುವುದು ನನ್ನ ಓದಿನ ಅಭ್ಯಾಸ. ಆಜ್ಞೆ ಎಷ್ಟು ಜಾರಿಯಾಯಿತೆಂದು ತಿಳಿಯಲು ಬಾಗಿಲುಗಳನ್ನೂ ನೋಡಬೇಕೆಂದು ಅಂದು ಅರಿತೆ.