ತಲೆಕೆಳಗಾಗಿ ತೂಗುವ ದ್ರೋಹಿ: ಟ್ಯಾರೋ ಕಟ್ಟಿನ ಹನ್ನೆರಡನೆಯ ಎಲೆಯ ಅರ್ಥವಿಚಾರ

ಟ್ಯಾರೋ ಕಟ್ಟಿನ ಹನ್ನೆರಡನೆಯ ತುರುಪಿನ ಎಲೆಯಲ್ಲಿ ಒಬ್ಬ ಮನುಷ್ಯ ಒಂದೇ ಕಾಲಿನಿಂದ ತಲೆಕೆಳಗಾಗಿ ತೂಗುತ್ತಿದ್ದಾನೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹ್ಯಾಂಗ್ಡ್ ಮ್ಯಾನ್’ ಎಂದು ಹೆಸರು. ಭವಿಷ್ಯ ಹೇಳುವವರ ಇಂದಿನ ಕೈಪಿಡಿಗಳನ್ನು ತೆರೆದರೆ ಈ ಎಲೆಗೆ ಹೆಚ್ಚುಕಡಿಮೆ ಒಂದೇ ಅರ್ಥ ಸಿಗುತ್ತದೆ: ತ್ಯಾಗ, ಶರಣಾಗತಿ, ತಾಳ್ಮೆ, ಲೋಕವನ್ನು ಬೇರೊಂದು ಕಣ್ಣಿನಿಂದ ಕಾಣುವ ಶಕ್ತಿ. ಈ ಅರ್ಥ ಅನಾದಿಯಿಂದ ಬಂದದ್ದು ಎಂಬಂತೆಯೇ ಅವು ಹೇಳುತ್ತವೆ. ಆದರೆ ಹದಿನೈದನೆಯ ಶತಮಾನದ ಇಟಲಿಯಲ್ಲಿ ಇದೇ ಎಲೆಯನ್ನು ಕೈಯಲ್ಲಿ ಹಿಡಿದು ಆಡಿದವನಿಗೆ ಕಂಡದ್ದು ತ್ಯಾಗಿಯಲ್ಲ, ದ್ರೋಹಿ. ಹಾಗೆಂದು ಮುಂದಿನವರು ಕಟ್ಟಿದ ಅರ್ಥ ಬರಿಯ ಕಲ್ಪನೆಯೂ ಅಲ್ಲ. ಅದು ಚಿಗುರಲು ಬೇಕಾದ ಎಡೆ ಹಳೆಯ ಚಿತ್ರದೊಳಗೇ ಇತ್ತು. ತೂಗುತ್ತಿರುವವನು ಸತ್ತಿಲ್ಲ ಎಂಬುದೇ ಆ ಎಡೆ. ಈ ಎರಡು ಮಾತುಗಳನ್ನು ಆಧಾರಸಹಿತ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಎಲೆಯ ಹುಟ್ಟು. ಟ್ಯಾರೋ ಹುಟ್ಟಿದ್ದು ಉತ್ತರ ಇಟಲಿಯಲ್ಲಿ, 1440ರ ಸುಮಾರಿಗೆ, ಹುಟ್ಟಿದ್ದು ಆಟಕ್ಕಾಗಿ. 1442ರಲ್ಲಿ ಫೆರಾರಾದ ಎಸ್ತೆ ಮನೆತನದ ಲೆಕ್ಕಪತ್ರಗಳಲ್ಲಿ ‘ತ್ರಿಯೋನ್ಫಿ’ ಎಂಬ ಹೆಸರಿನಲ್ಲಿ ಈ ಎಲೆಗಳ ಉಲ್ಲೇಖವಿದೆ. ನಮ್ಮ ಮೈಸೂರಿನ ಗಂಜೀಫದಂತೆ ಇದೂ ಅರಮನೆಯ ಆಶ್ರಯದಲ್ಲಿ ಕೈಯಿಂದ ಬರೆಸಿದ ಆಟದೆಲೆ. ಇದನ್ನು ಹರಡಿ ಭವಿಷ್ಯ ನೋಡುವ ರೂಢಿ ಬೆಳೆದದ್ದು ಹದಿನೆಂಟನೆಯ ಶತಮಾನದಲ್ಲಿ. ಮೈಕೇಲ್ ಡಮೆಟ್ ತಮ್ಮ 1980ರ ‘ದ ಗೇಮ್ ಆಫ್ ಟ್ಯಾರೋ’ ಗ್ರಂಥದಲ್ಲಿ ಇದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸ್ಥಾಪಿಸಿದ್ದಾರೆ. ತುರುಪುಗಳ ಏರುಕ್ರಮ ಊರಿಂದ ಊರಿಗೆ ಬೇರೆಯಾಗುತ್ತಿತ್ತು ಎಂಬುದನ್ನೂ ತೋರಿಸಿಕೊಟ್ಟವರು ಅವರೇ. ಇಷ್ಟೆಲ್ಲ ಬದಲಾವಣೆಯ ನಡುವೆಯೂ ತೂಗುವವನು ಹನ್ನೆರಡನೆಯ ಸ್ಥಾನವನ್ನೂ ಅವನ ಬೆನ್ನಿಗೇ ಮೃತ್ಯು ಹದಿಮೂರನೆಯ ಸ್ಥಾನವನ್ನೂ ಬಿಟ್ಟುಕೊಟ್ಟಿಲ್ಲ. ಇವನು ಮೃತ್ಯುವಿನ ಹೊಸ್ತಿಲಲ್ಲಿರುವವನು, ಆದರೆ ಇನ್ನೂ ಈಚೆಗಿರುವವನು.

ಉಳಿದಿರುವ ಹಳೆಯ ಕಟ್ಟುಗಳಲ್ಲಿ ಹೆಚ್ಚು ಪೂರ್ಣವಾದದ್ದು ಮಿಲಾನಿನ ವಿಸ್ಕೊಂತಿ-ಸ್ಫೋರ್ಜಾ ಕಟ್ಟು. ಬೊನಿಫಾಚಿಯೊ ಬೆಂಬೊ ಬರೆದದ್ದೆಂದು ವಿದ್ವಾಂಸರು ಹೇಳುವ ಈ ಕಟ್ಟಿನ 74 ಎಲೆಗಳು ಇಂದು ಉಳಿದಿವೆ: 35 ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿ, 26 ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ, 13 ಕೊಲ್ಲೆಯೋನಿ ಮನೆತನದಲ್ಲಿ. ಅದರ ತೂಗುವವನನ್ನು ನಿಧಾನವಾಗಿ ನೋಡಬೇಕು. ಅಚ್ಚೊತ್ತಿದ ಚಿನ್ನದ ಹಿನ್ನೆಲೆ; ಅದರ ಮುಂದೆ ಮರದ ಚೌಕಟ್ಟು; ಅಡ್ಡತೊಲೆಗೆ ಒಂದು ಪಾದ ಬಿಗಿದಿದೆ. ಬಿಡುವಾಗಿರುವ ಕಾಲು ಮಡಚಿಕೊಂಡು ಕಟ್ಟಿದ ಕಾಲಿನ ಹಿಂದೆ ಹಾದುಹೋಗುತ್ತದೆ, ಕೈಗಳು ಬೆನ್ನ ಹಿಂದಿವೆ. ಮುಖದಲ್ಲಿ ನೋವಿನ ಸುಳಿವಿಲ್ಲ, ನಾಲಿಗೆ ಹೊರಚಾಚಿಲ್ಲ, ಕತ್ತು ಮುರಿದಿಲ್ಲ. ಇಂದಿನ ವ್ಯಾಖ್ಯಾನಕಾರರು ಯೋಗಸ್ಥಿತಿಯನ್ನು ಕಾಣುವುದು ಈ ಶಾಂತ ಮುಖದಲ್ಲೇ. ಆದರೆ ಮುಖಕ್ಕಿಂತ ಮೊದಲು ಕಾಲನ್ನು ಓದಬೇಕಾಗಿತ್ತು.

ಇಟಲಿಯ ನಗರರಾಜ್ಯಗಳಲ್ಲಿ ‘ಪಿತ್ತೂರಾ ಇನ್ಫಮಾಂತೆ’ ಎಂಬ ಪದ್ಧತಿಯಿತ್ತು. ಅವಮಾನದ ಚಿತ್ರ ಎನ್ನಬಹುದು. ದ್ರೋಹ, ದಿವಾಳಿ, ವಂಚನೆಗಳ ಆರೋಪ ಹೊತ್ತು ನ್ಯಾಯಾಲಯದ ಕೈಗೆ ಸಿಗದವನ ಚಿತ್ರವನ್ನು ಸರ್ಕಾರಿ ಕಟ್ಟಡದ ಗೋಡೆಯ ಮೇಲೆ, ನಾಲ್ಕು ಜನ ಓಡಾಡುವ ಕಡೆ, ಹೆಸರು ಸಹಿತ ಬರೆಸುತ್ತಿದ್ದರು. ಮಾನವೇ ಬಂಡವಾಳವಾಗಿದ್ದ ವರ್ತಕರ, ಸೇನಾನಿಗಳ ಸಮಾಜದಲ್ಲಿ ಇದು ಸಣ್ಣ ಶಿಕ್ಷೆಯಲ್ಲ. ಇಂಥ ಚಿತ್ರಗಳ ಬಲು ಪ್ರಸಿದ್ಧ ಭಂಗಿ ಎಂದರೆ ಒಂದು ಕಾಲಿನಿಂದ ತಲೆಕೆಳಗಾಗಿ ತೂಗುವುದು. ಗೋಡೆಯ ಚಿತ್ರಗಳೆಲ್ಲ ಅಳಿದಿವೆ. ಆದರೆ 1529–30ರ ಫ್ಲಾರೆನ್ಸ್ ಮುತ್ತಿಗೆಯ ಕಾಲದಲ್ಲಿ, ಓಡಿಹೋದ ಸೇನಾನಾಯಕರ ಅವಮಾನದ ಚಿತ್ರಕ್ಕಾಗಿ ಆಂದ್ರೆಯಾ ದೆಲ್ ಸಾರ್ತೊ ಮಾಡಿಕೊಂಡ ಕೆಂಪು ಸೀಮೆಸುಣ್ಣದ ರೇಖಾಚಿತ್ರಗಳು ಅಲ್ಲಿನ ಉಫಿತ್ಸಿ ಸಂಗ್ರಹಾಲಯದಲ್ಲಿ ಉಳಿದಿವೆ. ಅವನ್ನು ಟ್ಯಾರೋ ಎಲೆಯ ಪಕ್ಕದಲ್ಲಿಟ್ಟರೆ ಬೇರೆ ವಾದವೇ ಬೇಡ: ಅದೇ ಕಟ್ಟಿದ ಪಾದ, ಅದೇ ನೇತುಬಿದ್ದ ದೇಹ. ಈ ಕೆಲಸ ಕಲಾವಿದನಿಗೂ ಕಳಂಕ ಹಚ್ಚುತ್ತಿತ್ತು. ಅದಕ್ಕೆ ಸುಮಾರು ಒಂದು ಶತಮಾನ ಮೊದಲು ಇದೇ ಕೆಲಸ ಮಾಡಿದ ಆಂದ್ರೆಯಾ ದೆಲ್ ಕಸ್ತಾನ್ಯೊನಿಗೆ ‘ನೇಣಿಗೇರಿದವರ ಆಂದ್ರೆಯಾ’ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು. ತನಗೂ ಅದೇ ಹೆಸರು ಬಂದೀತೆಂದು ಸಾರ್ತೊ ಮರೆಯ ಹಿಂದೆ ಗುಟ್ಟಾಗಿ ಕೆಲಸ ಮಾಡಿ, ಶಿಷ್ಯನ ಹೆಸರನ್ನು ಮುಂದೆ ಬಿಟ್ಟನೆಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳಿದ್ದಾನೆ.

ಈಗ ನಿರ್ಣಾಯಕವಾದ ಸಾಕ್ಷ್ಯ. 1478ರಲ್ಲಿ ಫ್ಲಾರೆನ್ಸನ್ನು ಆಳುತ್ತಿದ್ದ ಮೆದಿಚಿ ಮನೆತನದ ವಿರುದ್ಧ ಪಾತ್ಸಿ ಮನೆತನದ ಪಿತೂರಿ ನಡೆದು ವಿಫಲವಾದಾಗ, ಪಿತೂರಿಗಾರರ ಚಿತ್ರಗಳನ್ನು ಬರೆಯಲು ಚಿತ್ರಕಾರ ಬೊತ್ತಿಚೆಲ್ಲಿಗೆ ಹೇಳಲಾಯಿತು. ಸಿಕ್ಕಿ ನೇಣಿಗೇರಿದವರನ್ನು ಅವನು ಕತ್ತಿನಿಂದ ತೂಗುವಂತೆ ಬರೆದ. ತಪ್ಪಿಸಿಕೊಂಡ ನಪೊಲಿಯೋನೆ ಫ್ರಾಂಚೇಸಿಯನ್ನು ಮಾತ್ರ ಕಾಲಿನಿಂದ ತೂಗಿಸಿದ. ಚಿತ್ರಭಾಷೆಯ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಕತ್ತಿನಿಂದ ತೂಗುವವನು ಸತ್ತವನು. ಕಾಲಿನಿಂದ ತೂಗುವವನು ಕೈಗೆ ಸಿಗದೆ ಎಲ್ಲೋ ಬದುಕಿರುವ ದ್ರೋಹಿ. ಎಲೆಯ ಮೇಲಿನ ಮನುಷ್ಯನ ಶಾಂತ ಮುಖಕ್ಕೆ ಇಲ್ಲಿಯೇ ವಿವರಣೆಯಿದೆ ಎಂಬುದು ನನ್ನ ಅಭಿಪ್ರಾಯ. ಅದು ಸಮಾಧಿಯಲ್ಲ. ಸಾಯದವನನ್ನು ಸಾಯದಂತೆಯೇ ಬರೆಯಬೇಕಾಗಿತ್ತು, ನೋಡುವವರಿಗೆ ಗುರುತು ಹತ್ತುವಂಥ ಮುಖವನ್ನೂ ಉಳಿಸಬೇಕಾಗಿತ್ತು.

ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ, ‘ಆರನೆಯ ಚಾರ್ಲ್ಸನ ಕಟ್ಟು’ ಎಂದು ತಪ್ಪಾಗಿ ಹೆಸರಾದ ಹದಿನೈದನೆಯ ಶತಮಾನದ ಇಟಲಿಯ ಎಲೆಗಳು ಈ ಮಾತಿಗೆ ಇನ್ನಷ್ಟು ಬಲ ಕೊಡುತ್ತವೆ. ಅಲ್ಲಿ ತೂಗುವವನು ಎರಡೂ ಕೈಗಳಲ್ಲಿ ಹಣದ ಚೀಲ ಹಿಡಿದಿದ್ದಾನೆ. ಮೂವತ್ತು ಬೆಳ್ಳಿಯ ನಾಣ್ಯಕ್ಕೆ ಗುರುವನ್ನು ಮಾರಿದ ಯೂದನನ್ನು ಕ್ರೈಸ್ತ ನೋಟಕರಿಗೆ ಇದಕ್ಕಿಂತ ನೇರವಾಗಿ ನೆನಪಿಸುವುದು ಸಾಧ್ಯವಿಲ್ಲ. ಇಟಲಿಯ ಹಳೆಯ ಆಟಗಾರರು ಈ ಎಲೆಯನ್ನು ‘ತ್ರಾದಿತೋರೆ’, ಅಂದರೆ ದ್ರೋಹಿ, ಎಂದೇ ಕರೆದದ್ದೂ ಇದೆ. ತಲೆಕೆಳಗಾಗಿ ಶಿಲುಬೆಗೇರಿದ ಸಂತ ಪೀಟರನನ್ನೋ, ಮರದಲ್ಲಿ ಒಂಬತ್ತು ರಾತ್ರಿ ತೂಗಿದ ನಾರ್ಸ್ ದೇವತೆ ಓಡಿನ್‌ನನ್ನೋ ಇಲ್ಲಿ ಕಾಣುವವರಿದ್ದಾರೆ. ಆದರೆ ಎಲೆಯಲ್ಲಿ ಶಿಲುಬೆಯಿಲ್ಲ, ಮೊಳೆಯಿಲ್ಲ. ಓಡಿನ್‌ನ ಕಥೆಯಲ್ಲಿ ಕಾಲಿನ ಮಾತಿಲ್ಲ. ಇವನ್ನು ಬದಿಗಿಡಬಹುದು.

ಮಿಲಾನಿನ ಎಲೆಗೆ ಇನ್ನೊಂದು ನೋವಿನ ಎಳೆಯೂ ಇದೆ. 1450ರಲ್ಲಿ ಮಿಲಾನಿನ ಡ್ಯೂಕ್ ಆದ ಫ್ರಾಂಚೆಸ್ಕೊ ಸ್ಫೋರ್ಜಾನ ತಂದೆ ಮುತ್ಸಿಯೊ ಅತ್ತೆಂದೊಲೊ ಬಾಡಿಗೆ ಸೇನಾನಿ. ಅವನು 1412ರಲ್ಲಿ ಪಕ್ಷ ಬಿಟ್ಟು ನೇಪಲ್ಸಿನ ಲಾದಿಸ್ಲಾವೊನ ಕಡೆ ಸೇರಿದಾಗ, ಇಪ್ಪತ್ತಮೂರನೆಯ ಜಾನ್ ಎಂಬ ಪ್ರತಿಪೋಪ್ ಅವನ ಚಿತ್ರವನ್ನು ರೋಮಿನ ಸೇತುವೆ, ಬಾಗಿಲುಗಳ ಮೇಲೆ ಒಂದು ಕಾಲಿನಿಂದ ತೂಗಿಸಿ ಬರೆಸಿದ. ಮಗನ ಅರಮನೆಯಲ್ಲಿ ಆಟಕ್ಕೆ ಕೂತವರ ಕೈಗೆ ಅದೇ ಭಂಗಿಯ ಎಲೆ ಬರುತ್ತಿತ್ತು. ಹನ್ನೆರಡನೆಯ ಎಲೆಯನ್ನು ತೆಗೆದುಹಾಕಿದರೆ ಆಟವೇ ಕೆಡುತ್ತದೆ. ಆದ್ದರಿಂದ ಅದು ಉಳಿದಿರಬೇಕು. ಹಣದ ಚೀಲ ಮಾತ್ರ ಅಲ್ಲಿಲ್ಲ.

ಇಟಲಿಯಿಂದ ಫ್ರಾನ್ಸಿಗೆ ಬರುವ ಹೊತ್ತಿಗೆ ಅವಮಾನದ ಚಿತ್ರದ ನೆನಪು ಅಳಿದಿತ್ತು. ಎಲೆ ಉಳಿಯಿತು, ಅದನ್ನು ಓದುವ ಕೀಲಿ ಕಳೆಯಿತು. 1781ರಲ್ಲಿ ಅಂತ್ವಾನ್ ಕೂರ್ ದ ಜೆಬ್ಲಾಂ ‘ಲ ಮೊಂದ್ ಪ್ರಿಮಿತಿಫ್’ ಗ್ರಂಥಮಾಲೆಯ ಎಂಟನೆಯ ಸಂಪುಟದಲ್ಲಿ ಟ್ಯಾರೋ ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥವೆಂದು ಘೋಷಿಸಿದ. ಈಜಿಪ್ಟಿನ ಲಿಪಿಯನ್ನು ಆಗಿನ್ನೂ ಯಾರೂ ಓದಿರಲಿಲ್ಲ. ಕಟ್ಟಿನಲ್ಲಿ ನ್ಯಾಯ, ಧೈರ್ಯ, ಸಂಯಮ ಎಂಬ ಮೂರು ಸದ್ಗುಣಗಳಿವೆ. ನಾಲ್ಕನೆಯದಾದ ವಿವೇಕ ಎಲ್ಲಿ? ಅವನ ಉತ್ತರ: ಹನ್ನೆರಡನೆಯ ಎಲೆಯೇ ವಿವೇಕ. ಮುಂದಿನ ಹೆಜ್ಜೆ ಎಲ್ಲಿಡಲಿ ಎಂದು ಒಂದು ಕಾಲೆತ್ತಿ ನಿಂತ ಮನುಷ್ಯನನ್ನು ಯಾರೋ ತಿಳಿಯದ ಎಲೆಗಾರ ತಲೆಕೆಳಗು ಮಾಡಿದ. ಆಧಾರವಿಲ್ಲದಿದ್ದರೂ ಈ ವಾದ ಫಲ ಕೊಟ್ಟಿತು. ಕೆಲವೇ ವರ್ಷಗಳಲ್ಲಿ, ಭವಿಷ್ಯ ನೋಡುವುದಕ್ಕೆಂದೇ ಕಟ್ಟು ಅಚ್ಚುಹಾಕಿಸಿದ ಎತ್ತೆಯ್ಯಾ ತೂಗುವವನನ್ನು ತೆಗೆದೇ ಹಾಕಿ, ಆ ಜಾಗದಲ್ಲಿ ಸರ್ಪವನ್ನು ನೋಡುತ್ತಿರುವ ವಿವೇಕವೆಂಬ ಸ್ತ್ರೀಯನ್ನು ನಿಲ್ಲಿಸಿದ.

1850ರ ದಶಕದಲ್ಲಿ ಫ್ರೆಂಚ್ ಗೂಢವಿದ್ಯಾವಾದಿ ಎಲಿಫಾಸ್ ಲೆವಿ ಇಪ್ಪತ್ತೆರಡು ತುರುಪುಗಳನ್ನು ಹೀಬ್ರೂ ಅಕ್ಷರಗಳಿಗೆ ಜೋಡಿಸಿ, ಈ ದೇಹದಲ್ಲಿ ತ್ರಿಕೋನದ ಮೇಲಿನ ಶಿಲುಬೆಯನ್ನು, ರಸವಾದದ ಸಿದ್ಧಿಯನ್ನು ಕಂಡ. 1909ರ ಡಿಸೆಂಬರಿನಲ್ಲಿ ಲಂಡನ್ನಿನ ರೈಡರ್ ಸಂಸ್ಥೆ ಹೊರತಂದ ಕಟ್ಟಿನಲ್ಲಿ ಆರ್ಥರ್ ಎಡ್ವರ್ಡ್ ವೇಯ್ಟ್ ಮತ್ತು ಚಿತ್ರಕಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ ಈ ಓದನ್ನು ಚಿತ್ರಕ್ಕೇ ಇಳಿಸಿದರು. ಒಣ ಚೌಕಟ್ಟು ಚಿಗುರೆಲೆಗಳಿರುವ ಜೀವಂತ ಮರವಾಯಿತು, ತಲೆಯ ಸುತ್ತ ಪ್ರಭಾವಳಿ ಬಂತು. ಮುಖದಲ್ಲಿರುವುದು ನೋವಲ್ಲ, ಗಾಢ ತನ್ಮಯತೆ ಎಂದು ವೇಯ್ಟ್ ವಿವರಿಸಿದ. ಅವನು ಕೊಡುವ ಅರ್ಥಗಳ ಪಟ್ಟಿಯಲ್ಲಿ ತ್ಯಾಗ, ಅಂತರ್ದೃಷ್ಟಿಗಳಿಗಿಂತ ಮೊದಲು ಬರುವುದು ಜ್ಞಾನ, ಮುಂದಾಲೋಚನೆ, ವಿವೇಚನೆ. ತ್ಯಾಗದ ಚಿತ್ರಕ್ಕೆ ಮುಂದಾಲೋಚನೆ ಎಲ್ಲಿಂದ ಬಂತು? ಜೆಬ್ಲಾಂ ಊಹಿಸಿದ, ಎತ್ತೆಯ್ಯಾ ಅಚ್ಚುಹಾಕಿಸಿದ ವಿವೇಕದ ಎಲೆಯ ಉಳಿಕೆ ಅದು. ಈ ಮೂರು ಪದಗಳು ವೇಯ್ಟನ ಪಟ್ಟಿಯಲ್ಲಿ ಕೂತಿರುವುದು ಟ್ಯಾರೋ ಅರ್ಥಗಳು ಪದರಪದರವಾಗಿ ಕೂಡಿಬಂದವೆಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ.

ಕನ್ನಡದ ಸಾಹಿತ್ಯಾಭ್ಯಾಸಿಗಳು ಈ ಎಲೆಯನ್ನು ಭೇಟಿಯಾಗುವುದು ಟಿ.ಎಸ್. ಎಲಿಯಟ್‌ನ 1922ರ ‘ದ ವೇಸ್ಟ್ ಲ್ಯಾಂಡ್’ನಲ್ಲಿ. ಅಡಿಗರ ‘ಭೂಮಿಗೀತ’ದ ಚರ್ಚೆ ಬಂದಾಗಲೆಲ್ಲ ಆ ಕಾವ್ಯದ ಹೆಸರು ಬರುತ್ತದೆ. ಎಲಿಯಟ್‌ನ ಕಾವ್ಯದಲ್ಲಿ ಎಲೆ ಹರಡಿ ಭವಿಷ್ಯ ಹೇಳುವ ಮದಾಮ್ ಸೊಸೊಸ್ಟ್ರಿಸ್‌ಗೆ ಈ ಎಲೆ ಸಿಗುವುದೇ ಇಲ್ಲ. ಟ್ಯಾರೋ ಕಟ್ಟಿನ ಸರಿಯಾದ ರಚನೆ ತನಗೆ ತಿಳಿಯದೆಂದು ಎಲಿಯಟ್ ಟಿಪ್ಪಣಿಯಲ್ಲಿ ಒಪ್ಪಿಕೊಂಡು, ತೂಗುವವನನ್ನು ಮಾನವಶಾಸ್ತ್ರಜ್ಞ ಫ್ರೇಜರ್ ಹೇಳುವ ಬಲಿಯಾದ ದೇವತೆಯೊಂದಿಗೆ ಜೋಡಿಸುತ್ತಾನೆ. ನಮ್ಮ ತರಗತಿಗಳಲ್ಲಿ ಆ ಟಿಪ್ಪಣಿಯನ್ನೇ ಎಲೆಯ ಅರ್ಥವೆಂದು ಹೇಳಿ ಮುಂದೆ ಹೋಗುವುದುಂಟು. ಅದು ಎಲಿಯಟ್ ಕೊಟ್ಟ ಅರ್ಥ, ಎಲೆಯ ಮೂಲಾರ್ಥವಲ್ಲ. ಈ ಭಾಗವನ್ನು ಪಾಠ ಮಾಡುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ವೇಯ್ಟನ ಎಲೆಯೊಂದಿಗೆ ಸಾರ್ತೊನ ರೇಖಾಚಿತ್ರವನ್ನೂ ವಿದ್ಯಾರ್ಥಿಗಳ ಮುಂದಿಡಿ.