ಮೂಲಕಣಗಳ ಜಡತ್ವ ದ್ರವ್ಯರಾಶಿ: ಪರಿಕಲ್ಪನೆಯ ಇತಿಹಾಸ

ನಿಂತ ವಸ್ತು ಹೊರಡಲು, ಹೊರಟದ್ದು ನಿಲ್ಲಲು ಅಥವಾ ದಿಕ್ಕು ಬದಲಿಸಲು ತೋರುವ ಪ್ರತಿರೋಧವೇ ಜಡತ್ವ. ಆ ಪ್ರತಿರೋಧದ ಅಳತೆ ಜಡತ್ವ ದ್ರವ್ಯರಾಶಿ. ಹೇರು ತುಂಬಿದ ಗಾಡಿಯನ್ನು ಸಮತಟ್ಟಾದ ರಸ್ತೆಯಲ್ಲಿ ನೂಕಿದವರ ರಟ್ಟೆಗೆ ಇದು ಗೊತ್ತು: ಮೊದಲ ನೂಕು ಕಷ್ಟ, ಉರುಳತೊಡಗಿದರೆ ಹಗುರ, ನಿಲ್ಲಿಸಹೋದರೆ ಮತ್ತೆ ಕಷ್ಟ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಇದನ್ನು ವಸ್ತುವಿಗೆ ಹುಟ್ಟಿನಿಂದಲೇ ಬಂದ ಗುಣವೆಂದು ಇಟ್ಟುಕೊಂಡರು. ಅದು ಎಲ್ಲಿಂದ ಬಂತೆಂಬ ಪ್ರಶ್ನೆ ಅವರ ಗತಿವಿಜ್ಞಾನಕ್ಕೆ ಬೇಕಿರಲಿಲ್ಲ. 1883ರಲ್ಲಿ ಅರ್ನ್ಸ್ಟ್ ಮಾಖ್ ಆ ಪ್ರಶ್ನೆ ಎತ್ತಿ, ಜಡತ್ವಕ್ಕೂ ವಿಶ್ವದ ದೂರದ ದ್ರವ್ಯಕ್ಕೂ ನಂಟಿರಬೇಕೆಂದು ವಾದಿಸಿದರು. ಐನ್‌ಸ್ಟೈನ್ ಅದಕ್ಕೆ ‘ಮಾಖ್ ತತ್ತ್ವ’ವೆಂದು ಹೆಸರಿಟ್ಟು ಬಹುಕಾಲ ಅದರ ಬೆನ್ನುಹತ್ತಿದ್ದುಂಟು. ಆದರೆ ಪ್ರೋಟಾನು ಎಲೆಕ್ಟ್ರಾನಿಗಿಂತ 1,836 ಪಟ್ಟು ಭಾರ ಏಕೆಂಬುದಕ್ಕೆ ನಕ್ಷತ್ರಗಳಿಂದ ಉತ್ತರ ಸಿಗುವಂತಿರಲಿಲ್ಲ.

ಭೌತಿಕ ಕಾರಣ ಹೇಳುವ ಮೊದಲ ಗಂಭೀರ ಪ್ರಯತ್ನ ವಿದ್ಯುತ್ತಿನ ಕಡೆಯಿಂದ ಬಂತು. ವಿದ್ಯುದಾವೇಶವಿರುವ ಗೋಳವನ್ನು ಚಲಿಸುವಂತೆ ಮಾಡಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರಕ್ಕೆ ಬೇಕಾದ ಶಕ್ತಿಯನ್ನೂ ನೂಕುವವರೇ ಒದಗಿಸಬೇಕು. ಹಾಗಾಗಿ ಅದು ಆವೇಶವಿಲ್ಲದ ಗೋಳಕ್ಕಿಂತ ಭಾರವಿದ್ದಂತೆ ವರ್ತಿಸುತ್ತದೆಂದು ಜೆ. ಜೆ. ಥಾಮ್ಸನ್ 1881ರಲ್ಲಿ ತೋರಿಸಿದರು. 1897ರಲ್ಲಿ ಅವರೇ ಎಲೆಕ್ಟ್ರಾನನ್ನು ಗುರುತಿಸಿದ ಮೇಲೆ ಆಸೆ ದೊಡ್ಡದಾಯಿತು: ಎಲೆಕ್ಟ್ರಾನಿನ ದ್ರವ್ಯರಾಶಿ ಪೂರ್ತಿ ಅದರ ಕ್ಷೇತ್ರದ್ದೇ ಏಕಾಗಿರಬಾರದು?

ಇದನ್ನು ಪರೀಕ್ಷೆಗೆ ಒಡ್ಡಿದವರು ಜರ್ಮನಿಯ ವಾಲ್ಟರ್ ಕೌಫ್‌ಮನ್. 1901ರಿಂದ ಅವರು ನಡೆಸಿದ ಪ್ರಯೋಗದ ಸರಂಜಾಮು ಚಿಕ್ಕದು. ಗಾಳಿ ತೆಗೆದ ಪಾತ್ರೆಯ ತಳದಲ್ಲಿ ರೇಡಿಯಮ್ಮಿನ ಒಂದು ಕಣ, ಮೇಲೆ ಸಣ್ಣ ರಂಧ್ರ, ಅದರಾಚೆ ಛಾಯಾಚಿತ್ರದ ಫಲಕ. ನಡುವಿನ ದಾರಿಯಲ್ಲಿ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡನ್ನೂ ಒಂದೇ ದಿಕ್ಕಿನಲ್ಲಿ ಹರಿಸಿದ್ದರು. ಒಂದು ಕ್ಷೇತ್ರ ರೇಡಿಯಮ್ ಹೊಮ್ಮಿಸುವ ಬೀಟಾ ಕಿರಣವನ್ನು, ಅಂದರೆ ವೇಗದ ಎಲೆಕ್ಟ್ರಾನುಗಳನ್ನು, ಒಂದು ಕಡೆ ಬಾಗಿಸಿದರೆ ಇನ್ನೊಂದು ಅದಕ್ಕೆ ಅಡ್ಡಲಾಗಿ ಬಾಗಿಸುತ್ತಿತ್ತು. ಬೇರೆ ಬೇರೆ ವೇಗದ ಎಲೆಕ್ಟ್ರಾನುಗಳು ಫಲಕದ ಮೇಲೆ ಬೇರೆ ಬೇರೆ ಜಾಗಕ್ಕೆ ಬಿದ್ದು, ಕೊನೆಗೆ ಸಣ್ಣದೊಂದು ವಕ್ರರೇಖೆ ಮೂಡುತ್ತಿತ್ತು. ಆ ಗೆರೆಯನ್ನು ಅಳೆದಾಗ, ವೇಗ ಹೆಚ್ಚಿದಷ್ಟೂ ಎಲೆಕ್ಟ್ರಾನು ಬಾಗಲು ಒಲ್ಲೆನ್ನುವುದು ಕಂಡಿತು. ದ್ರವ್ಯರಾಶಿಯೆಲ್ಲ ವಿದ್ಯುತ್ಕಾಂತೀಯವೇ ಎಂದು ಕೌಫ್‌ಮನ್ ತೀರ್ಮಾನಿಸಿದರು. ಮ್ಯಾಕ್ಸ್ ಅಬ್ರಹಾಂ ಎಲೆಕ್ಟ್ರಾನನ್ನು ಬಿಗಿಯಾದ ಗೋಳವೆಂದು, ಲೊರೆಂಟ್ಸ್ ಅದನ್ನು ಚಲನೆಯಲ್ಲಿ ಕುಗ್ಗುವ ಗೋಳವೆಂದು ಭಾವಿಸಿ ಸಿದ್ಧಾಂತ ಕಟ್ಟಿದರು.

ಆ ಕಟ್ಟಡದ ಬುನಾದಿಯಲ್ಲೇ ಬಿರುಕಿತ್ತು. ಒಂದೇ ಬಗೆಯ ಆವೇಶದ ತುಣುಕುಗಳು ಪರಸ್ಪರ ವಿಕರ್ಷಿಸುವುದರಿಂದ ಗೋಳ ಸಿಡಿದುಹೋಗಬೇಕು. ಅದನ್ನು ಹಿಡಿದಿಡಲು ಪ್ವಾಂಕಾರೆ ವಿದ್ಯುತ್ತಿನದಲ್ಲದ ಒಂದು ಒತ್ತಡವನ್ನು ತರಬೇಕಾಯಿತು. ಗೋಳದ ತ್ರಿಜ್ಯವನ್ನು ಸೊನ್ನೆಗೆ ಇಳಿಸಿದರೆ ಕ್ಷೇತ್ರದ ಶಕ್ತಿ ಅನಂತವಾಗುತ್ತಿತ್ತು.

1905ರ ಸೆಪ್ಟೆಂಬರಿನಲ್ಲಿ ಐನ್‌ಸ್ಟೈನ್ ಬರೆದ ಮೂರು ಪುಟದ ಲೇಖನ ಪ್ರಶ್ನೆಯ ದಿಕ್ಕನ್ನೇ ಬದಲಿಸಿತು. ಬೆಳಕನ್ನು ಹೊರಸೂಸಿದ ವಸ್ತು, ಆ ಬೆಳಕಿನ ಶಕ್ತಿಯನ್ನು ಬೆಳಕಿನ ವೇಗದ ವರ್ಗದಿಂದ ಭಾಗಿಸಿದಷ್ಟು ದ್ರವ್ಯರಾಶಿಯನ್ನು ಕಳೆದುಕೊಳ್ಳುತ್ತದೆ. ಆ ಶಕ್ತಿ ವಿದ್ಯುತ್ತಿನದೋ ಶಾಖದ್ದೋ ಎಂಬ ಭೇದವಿಲ್ಲ: ವಸ್ತುವಿನೊಳಗೆ ನೆಲೆನಿಂತ ಯಾವುದೇ ಶಕ್ತಿಗೆ ಜಡತ್ವವಿದೆ. ಈ ಇತಿಹಾಸದ ನಡುಗಂಬ ಇದೇ. ಮುಂದಿನ ನೂರು ವರ್ಷಗಳ ಕೆಲಸವನ್ನು ‘ಯಾವ ಕಣದೊಳಗೆ ಯಾವ ಶಕ್ತಿ, ಅದು ಅಲ್ಲಿ ಹೇಗೆ ನಿಂತಿದೆ’ ಎಂಬ ಹುಡುಕಾಟವೆಂದೇ ಓದಬೇಕು.

ಕ್ವಾಂಟಮ್ ಸಿದ್ಧಾಂತ ಬಂದರೂ ಎಲೆಕ್ಟ್ರಾನಿನ ಅನಂತ ಬೆನ್ನುಬಿಡಲಿಲ್ಲ. 1940ರ ದಶಕದ ಕೊನೆಗೆ ತೊಮೊನಾಗ, ಶ್ವಿಂಗರ್, ಫೈನ್‌ಮನ್ ರೂಪಿಸಿದ ವಿಧಾನದಲ್ಲಿ ದ್ರವ್ಯರಾಶಿಯ ಮೌಲ್ಯವನ್ನು ಪ್ರಯೋಗದಿಂದಲೇ ತೆಗೆದುಕೊಂಡು ಮಿಕ್ಕ ಲೆಕ್ಕ ನಡೆಸುತ್ತಾರೆ. ಲೆಕ್ಕ ಅದ್ಭುತವಾಗಿ ಹೊಂದಿತು. ಮೂಲದ ಪ್ರಶ್ನೆ ಅಟ್ಟ ಸೇರಿತು.

ಅದನ್ನು ಮತ್ತೆ ಕೆಳಗಿಳಿಸಿದ್ದು ಬೀಟಾ ಕ್ಷಯಕ್ಕೆ ಕಾರಣವಾದ ದುರ್ಬಲ ಬಲ. ಆ ಬಲದ ವ್ಯಾಪ್ತಿ ಪರಮಾಣು ಬೀಜಕ್ಕಿಂತಲೂ ಕಿರಿದು; ಅದನ್ನು ಒಯ್ಯುವ ಕಣಗಳು ಬಹಳ ಭಾರವಿರಬೇಕು. ಸಿದ್ಧಾಂತದ ಸಮ್ಮಿತಿಯಾದರೋ ಅವುಗಳ ದ್ರವ್ಯರಾಶಿ ಸೊನ್ನೆ ಎನ್ನುತ್ತಿತ್ತು. ದಾರಿ ತೋರಿಸಿದ್ದು ಅತಿವಾಹಕಗಳು. ಅತಿವಾಹಕದೊಳಗೆ ಕಾಂತಕ್ಷೇತ್ರ ಕೊಂಚವೇ ದೂರ ನುಗ್ಗಿ ಸಾಯುತ್ತದೆ, ಅಂದರೆ ಅಲ್ಲಿ ಬೆಳಕಿನ ಕಣಕ್ಕೂ ದ್ರವ್ಯರಾಶಿ ಬಂದಂತೆ. ಯೊಯಿಚಿರೊ ನಂಬು 1960ರ ಸುಮಾರಿಗೆ ಈ ಹೊಳಹನ್ನು ಕಣಗಳ ಲೋಕಕ್ಕೆ ತಂದರು. 1964ರಲ್ಲಿ ಬ್ರಸೆಲ್ಸ್‌ನ ಬ್ರೌಟ್ ಮತ್ತು ಆಂಗ್ಲೇರ್, ಎಡಿನ್‌ಬರೋದ ಪೀಟರ್ ಹಿಗ್ಸ್, ಲಂಡನ್ನಿನಲ್ಲಿ ಗುರಾಲ್ನಿಕ್, ಹೇಗನ್, ಕಿಬಲ್ ಬೇರೆ ಬೇರೆಯಾಗಿ ಒಂದೇ ಮಾತಿಗೆ ಬಂದರು: ಬರಿ ಆಕಾಶದಲ್ಲೂ ಸೊನ್ನೆಯಾಗದ ಕ್ಷೇತ್ರವೊಂದಿದ್ದರೆ ಸಮ್ಮಿತಿಯೂ ಉಳಿದು ಕಣಗಳಿಗೆ ದ್ರವ್ಯರಾಶಿಯೂ ಬರುತ್ತದೆ. ಹಿಗ್ಸ್ ಅವರ ಎರಡನೆಯ ಪ್ರಬಂಧವನ್ನು ಯುರೋಪಿನ ಪತ್ರಿಕೆಯೊಂದು ಹಿಂದಿರುಗಿಸಿತು. ಅವರು ಕೊನೆಗೆ ಕೆಲವು ಮಾತು ಸೇರಿಸಿ ಅಮೆರಿಕದ ಪತ್ರಿಕೆಗೆ ಕಳಿಸಿದರು. ಇಂಥ ಸಿದ್ಧಾಂತದಲ್ಲಿ ಹೊಸ ಕಣವೂ ಇರುತ್ತದೆಂಬ ಸೂಚನೆ ಇದ್ದದ್ದು ಆ ಸೇರ್ಪಡೆಯಲ್ಲೇ.

ವೈನ್‌ಬರ್ಗ್ 1967ರಲ್ಲಿ, ಸಲಾಂ 1968ರಲ್ಲಿ ಇದನ್ನು ದುರ್ಬಲ ಬಲಕ್ಕೆ ಅಳವಡಿಸಿದರು. ಎಲೆಕ್ಟ್ರಾನಿಗೂ ದ್ರವ್ಯರಾಶಿ, ಈಗ ಹಿಗ್ಸ್ ಕ್ಷೇತ್ರವೆಂದು ಕರೆಯುವ, ಅದೇ ಕ್ಷೇತ್ರದಿಂದ ದಕ್ಕಿತು. ಎಲೆಕ್ಟ್ರಾನಿಗೆ ಎಡಗೈ, ಬಲಗೈ ಎಂಬ ಎರಡು ರೂಪಗಳು. ದುರ್ಬಲ ಬಲ ಇವೆರಡನ್ನೂ ಒಂದೇ ಬಗೆಯಾಗಿ ಮುಟ್ಟುವುದಿಲ್ಲ. ಈ ಎರಡನ್ನೂ ಹೊಸೆದು ಒಂದು ಕಣವಾಗಿಸುವುದು ಹಿಗ್ಸ್ ಕ್ಷೇತ್ರ. ಹೊಸೆತ ಎಷ್ಟು ಬಿಗಿಯೋ ದ್ರವ್ಯರಾಶಿ ಅಷ್ಟು. ಕೆಸರಿನಲ್ಲಿ ಕಾಲೆಳೆದಂತೆ ಕಣಗಳು ಈ ಕ್ಷೇತ್ರದಲ್ಲಿ ತಡವರಿಸುತ್ತವೆ ಎಂಬ ಜನಪ್ರಿಯ ಹೋಲಿಕೆಯನ್ನು ಕೈಬಿಡುವುದೇ ಒಳ್ಳೆಯದು. ಕೆಸರು ಸಮವೇಗದಲ್ಲಿ ಹೋಗುವುದನ್ನೂ ತಡೆದು ನಿಲ್ಲಿಸುತ್ತದೆ. ಜಡತ್ವ ವೇಗದ ಬದಲಾವಣೆಯನ್ನು ಮಾತ್ರ ಎದುರಿಸುತ್ತದೆ.

ದುರ್ಬಲ ಬಲದ ಭಾರದ ಕಣಗಳು 1983ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಸಿಕ್ಕವು. ಅಲ್ಲೇ, 27 ಕಿಲೋಮೀಟರ್ ಸುತ್ತಳತೆಯ ಕೊಲೈಡರ್‌ನಲ್ಲಿ, ಹಿಗ್ಸ್ ಕಣ ಕಂಡಿತೆಂದು 2012ರ ಜುಲೈ 4ರಂದು ಪ್ರಕಟವಾಯಿತು. ಅದರ ದ್ರವ್ಯರಾಶಿ ಸುಮಾರು 125 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಗೋಡ್ಬೋಲೆ ಇಂಥ ಕೊಲೈಡರ್‌ಗಳಲ್ಲಿ ಹಿಗ್ಸ್ ಮತ್ತಿತರ ಕಣಗಳನ್ನು ಗುರುತಿಸುವ ಲೆಕ್ಕಾಚಾರಕ್ಕೆ ದಶಕಗಳನ್ನೇ ಕೊಟ್ಟಿದ್ದರು. 2013ರ ನೊಬೆಲ್ ಆಂಗ್ಲೇರ್ ಮತ್ತು ಹಿಗ್ಸ್ ಅವರಿಗೆ ಸಂದಿತು; ಬ್ರೌಟ್ 2011ರಲ್ಲೇ ತೀರಿಕೊಂಡಿದ್ದರು. 2018ರಲ್ಲಿ ಟಾಪ್ ಮತ್ತು ಬಾಟಮ್ ಕ್ವಾರ್ಕ್‌ಗಳೆಂಬ ಕಣಗಳಿಗೆ ಈ ಕ್ಷೇತ್ರದೊಡನಿರುವ ನಂಟು ನೇರವಾಗಿ ಕಂಡಿತು. ಆದರೆ ಟಾಪ್ ಕ್ವಾರ್ಕ್ ಎಲೆಕ್ಟ್ರಾನಿಗಿಂತ 3 ಲಕ್ಷಕ್ಕೂ ಹೆಚ್ಚು ಪಟ್ಟು ಭಾರ ಏಕೆ, ಹೊಸೆತದ ಬಿಗಿ ಕಣದಿಂದ ಕಣಕ್ಕೆ ಇಷ್ಟೊಂದು ಬೇರೆ ಏಕೆ ಎಂಬುದನ್ನು ಸಿದ್ಧಾಂತ ಹೇಳುವುದಿಲ್ಲ. ಆ ಅಂಕಿಗಳನ್ನು ಈಗಲೂ ಪ್ರಯೋಗದಿಂದಲೇ ತರಬೇಕು.

ಇನ್ನು, ಹಿಗ್ಸ್ ಕ್ಷೇತ್ರವೇ ಎಲ್ಲಕ್ಕೂ ತೂಕ ಕೊಟ್ಟಿತೆಂಬ ಮಾತು ತಪ್ಪು. ಪ್ರೋಟಾನಿನ ದ್ರವ್ಯರಾಶಿ 938 ಮೆಗಾ ಎಲೆಕ್ಟ್ರಾನ್‌ವೋಲ್ಟ್. ಅದರೊಳಗಿನ ಮೂರು ಕ್ವಾರ್ಕ್‌ಗಳದ್ದನ್ನು ಕೂಡಿಸಿದರೆ ಹತ್ತೂ ಆಗದು. ಮಿಕ್ಕದ್ದು ಸೆರೆಸಿಕ್ಕ ಕ್ವಾರ್ಕ್‌ಗಳ ಓಡಾಟದ ಶಕ್ತಿ ಮತ್ತು ಅವನ್ನು ಕಟ್ಟಿಹಾಕಿದ ಗ್ಲುವಾನ್ ಕ್ಷೇತ್ರದ ಶಕ್ತಿ. ಕ್ವಾರ್ಕ್‌ಗಳನ್ನು ಹೀಗೆ ಕಟ್ಟುವ ಪ್ರಬಲ ಬಲದ ಸಿದ್ಧಾಂತ 1973ರ ಹೊತ್ತಿಗೆ ರೂಪುಗೊಂಡಿತು. ಆಕಾಶವನ್ನೂ ಕಾಲವನ್ನೂ ಚೌಕುಳಿಗಳಾಗಿ ಹೆಣೆದು ಸೂಪರ್‌ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ, 2008ರಲ್ಲಿ ಪ್ರೋಟಾನಿನ ದ್ರವ್ಯರಾಶಿ ಕೆಲವೇ ಶೇಕಡದ ಅನಿಶ್ಚಿತತೆಯಲ್ಲಿ ಹೊರಬಂತು. 60 ಕಿಲೋ ತೂಗುವ ಒಬ್ಬರ ಮೈಯಲ್ಲಿ ಕ್ವಾರ್ಕ್‌ಗಳ ಸ್ವಂತ ಗಂಟು 600 ಗ್ರಾಮಿನ ಆಸುಪಾಸು. ಉಳಿದದ್ದೆಲ್ಲ ಐನ್‌ಸ್ಟೈನ್ 1905ರಲ್ಲಿ ಹೇಳಿದ, ನೆಲೆನಿಂತ ಶಕ್ತಿ. ಜಡತ್ವ ಕ್ಷೇತ್ರದ ಶಕ್ತಿಯಿಂದ ಬರುತ್ತದೆಂದು ಥಾಮ್ಸನ್ ಕಾಲದವರು ಕಂಡ ಕನಸು ನಿಜವಾಯಿತು, ವಿದ್ಯುತ್ತಿನ ಬದಲು ಇನ್ನೊಂದು ಕ್ಷೇತ್ರದಲ್ಲಿ. ನಿರ್ವಾತದ ಶೂನ್ಯಬಿಂದು ಏರಿಳಿತಗಳೇ ಜಡತ್ವದ ಮೂಲವೆಂದು ಹೈಶ್, ರುವೆಡಾ, ಪುಥಾಫ್ 1994ರಲ್ಲಿ ವಾದಿಸಿದರು. ಅದಕ್ಕೆ ವಿಜ್ಞಾನಿಗಳ ಒಪ್ಪಿಗೆ ಸಿಕ್ಕಿಲ್ಲ.

ಲೆಕ್ಕಕ್ಕೆ ಸಿಗದೆ ಉಳಿದಿರುವುದು ನ್ಯೂಟ್ರಿನೊ ಎಂಬ ಆವೇಶವಿಲ್ಲದ ಕಣ; ಅದರ ಜಾಡು ನಮ್ಮ ಕೋಲಾರವನ್ನೂ ಹಾಯುತ್ತದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್‌ಹ್ಯಾಂ ವಿಶ್ವವಿದ್ಯಾನಿಲಯಗಳ ತಂಡ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲದಿಂದ 2.3 ಕಿಲೋಮೀಟರ್ ಆಳದಲ್ಲಿ, ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನೂ ನಿಯಾನ್ ನಳಿಗೆಗಳನ್ನೂ ಗೋಡೆಯಂತೆ ನಿಲ್ಲಿಸಿ ಕಾದಿತ್ತು. ಮೇಲಿನಿಂದ ಬರುವ ಮ್ಯೂಆನ್ ಎಂಬ ಕಣಗಳನ್ನು ಅಷ್ಟು ದಪ್ಪದ ಬಂಡೆ ಬಹುಪಾಲು ನುಂಗಿಬಿಡುತ್ತದೆ. ಅಡ್ಡಡ್ಡ ಹಾದುಬಂದ ಮ್ಯೂಆನು ಸುತ್ತಲ ಬಂಡೆಯಲ್ಲಿ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಆಗಬೇಕು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಮೊದಲು ಸಿಕ್ಕಿದ್ದು ಅಲ್ಲಿ, ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ. ಅದೇ ಬಗೆಯ ನ್ಯೂಟ್ರಿನೊಗಳು ದಾರಿಯಲ್ಲಿ ರೂಪ ಬದಲಿಸುತ್ತವೆಂದು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗ ತೋರಿಸಿತು. ದ್ರವ್ಯರಾಶಿ ಇಲ್ಲದೆ ಅದು ಸಾಧ್ಯವಿಲ್ಲ. ಜರ್ಮನಿಯ ಕಾರ್ಲ್ಸ್‌ರೂಯೆಯಲ್ಲಿ ಟ್ರೀಷಿಯಮ್ ಕ್ಷಯವನ್ನು ಅಳೆಯುವ ಪ್ರಯೋಗ 2025ರಲ್ಲಿ ಆ ದ್ರವ್ಯರಾಶಿಗೆ ಕೊಟ್ಟ ಮೇಲ್ಮಿತಿ 0.45 ಎಲೆಕ್ಟ್ರಾನ್‌ವೋಲ್ಟ್, ಎಲೆಕ್ಟ್ರಾನಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ. ನ್ಯೂಟ್ರಿನೊದ ಬಲಗೈ ರೂಪವನ್ನು ಯಾರೂ ಕಂಡಿಲ್ಲ, ಹಾಗಾಗಿ ಹಿಗ್ಸ್ ಕ್ಷೇತ್ರಕ್ಕೆ ಹೊಸೆಯಲು ಇನ್ನೊಂದು ಎಳೆ ಇದೆಯೋ ಇಲ್ಲವೋ ಹೇಳುವಂತಿಲ್ಲ. ನ್ಯೂಟ್ರಿನೊ ತನಗೆ ತಾನೇ ಪ್ರತಿಕಣವಾಗಿದ್ದರೆ ಅದರ ದ್ರವ್ಯರಾಶಿಯ ಮೂಲ ಬೇರೆಯೇ ಇರಬಹುದು. ಅದನ್ನು ತಿಳಿಯಲು ಜರ್ಮೇನಿಯಂ, ಕ್ಸೆನಾನ್‌ಗಳಲ್ಲಿ ನ್ಯೂಟ್ರಿನೊ ಹೊರಬೀಳದ ಇಮ್ಮಡಿ ಬೀಟಾ ಕ್ಷಯವನ್ನು ಹುಡುಕುತ್ತಿದ್ದಾರೆ. ಅಂಥ ಕ್ಷಯ ಖಚಿತವಾಗಿ ಇನ್ನೂ ಸಿಕ್ಕಿಲ್ಲ.